ಮುಚ್ಚಿದ ಪಂಪು

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ, ಎಣ್ಣೆ ಮಿಲ್ಲುಗಳ ಸಾಲು ಮುಗಿಯುವ ಕಡೆ, ಓಬಳೇಶನ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇದೆ. ಅರವತ್ತೊಂದು ತುಂಬಿದ ಓಬಳೇಶ ಹೊಸ ಗಾಡಿಗಳನ್ನು ಮುಟ್ಟುವುದಿಲ್ಲ. ಕಂಪ್ಯೂಟರು ಹಚ್ಚಿ ನೋಡಬೇಕಾದ ಗಾಡಿ ತಂದವರಿಗೆ “ನಂಗೆ ಇಂಗ್ಲಿಷ್ ಬರಲ್ಲಪ್ಪ, ಅದುಕ್ಕೆ ಕನ್ನಡ ಬರಲ್ಲ” ಎಂದು ಹೇಳಿ ಸಾಗಹಾಕುತ್ತಾನೆ. ಅವನ ಕೈ ಪಳಗಿರುವುದು ಹಳೆಯ ಗಾಡಿಗಳಲ್ಲಿ, ಅದರಲ್ಲೂ ಬೀಸುವ ಗಾಳಿಗೆ ಮೈಯೊಡ್ಡಿಯೇ ತಣ್ಣಗಾಗುವ ಎರಡು ಸಿಲಿಂಡರಿನ ಎಂಜಿನ್ನುಗಳಲ್ಲಿ. ಹೊಸಪೇಟೆ, ತುಮಕೂರು, ಅನಂತಪುರದಿಂದೆಲ್ಲ ಆ ಗಾಡಿಗಳ ಹುಚ್ಚು ಹಿಡಿದವರು ಲಗೇಜ್ ಆಟೋದಲ್ಲಿ ಹೇರಿಕೊಂಡು ಅವನ ಬಾಗಿಲಿಗೆ ಬರುತ್ತಾರೆ.

ಅವನಿಗೊಂದು ಖಯಾಲಿ. ರಿಪೇರಿಯಾದ ಗಾಡಿ ಕೊಡುವಾಗ ಮಾಲೀಕನನ್ನು ಎದುರಿಗೆ ನಿಲ್ಲಿಸಿಕೊಂಡು “ಪೆಟ್ರೋಲಿಗೆ ಎಣ್ಣೆ ಬೆರೆಸ್ಕಳಪ್ಪ” ಎಂದು ಮೂರು ಸಲ ಹೇಳುತ್ತಾನೆ, ಮೂರನೆಯ ಸಲ ಅವನ ಬಾಯಿಂದಲೂ ಹೇಳಿಸುತ್ತಾನೆ. ಆ ಕಾಲದ ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆಯೂ ಒಳಗೆ ಹೋಗಬೇಕು, ಹೋಗದಿದ್ದರೆ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ ಎಂಬುದು ಅಂಥ ಗಾಡಿ ಸಾಕಿದ ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿದ್ದವರಿಗೇ ಮೂರು ಸಲ ಹೇಳಿದರೆ ಜನ ನಗದೆ ಬಿಡುತ್ತಾರೆಯೇ? ಪೇಟೆಯವರು ಅವನನ್ನು ಎಣ್ಣೆ ಓಬಳೇಶ ಎಂದು ಕರೆಯತೊಡಗಿ ಎಷ್ಟೋ ವರ್ಷಗಳಾದವು. ಹೊಸಬರು ಆ ಹೆಸರು ಕೇಳಿ ಕುಡುಕನಿರಬೇಕೆಂದುಕೊಳ್ಳುತ್ತಾರೆ. ಅವನು ಹೆಂಡ ಮೂಸಿಯೂ ನೋಡಿದವನಲ್ಲ.

ಯಾರಿಗೂ ಹೇಳದ ಸಂಗತಿ ಇನ್ನೊಂದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ರಸ್ತೆ ಒಂದು ಗಳಿಗೆ ಬರಿದಾದಾಗ, ದೂರದಲ್ಲಿ ಎರಡು ಸಿಲಿಂಡರಿನ ಗಾಡಿಯೊಂದು ಓಡುವುದು ಅವನಿಗೆ ಕೇಳುತ್ತದೆ. ಸದ್ದು ಏರುತ್ತ ಏರುತ್ತ ಹೋಗಿ ಥಟ್ಟನೆ ನಿಂತುಬಿಡುತ್ತದೆ. ಗೇರು ಇಳಿಸಿ, ಬ್ರೇಕು ಹಾಕಿ ನಿಲ್ಲುವ ಸದ್ದಲ್ಲ ಅದು. ದಿನಾ ಕೇಳುವುದಿಲ್ಲ, ವಾರಕ್ಕೊಮ್ಮೆ, ಕೆಲವೊಮ್ಮೆ ತಿಂಗಳಿಗೊಮ್ಮೆ. ಕೇಳಿದಾಗ ಓಬಳೇಶ ಬಾಯಿಗೆ ಒಯ್ದ ತುತ್ತನ್ನು ಹಾಗೇ ಹಿಡಿದು ಕೂರುತ್ತಾನೆ. “ಯಾಕೆ, ಕಲ್ಲು ಸಿಕ್ತಾ?” ಎಂದು ಹೆಂಡತಿ ಲಕ್ಷ್ಮಕ್ಕ ಕೇಳುತ್ತಾಳೆ. ಅವನು ಹೂಂ ಅನ್ನುತ್ತಾನೆ. ಮೂವತ್ತನಾಲ್ಕು ವರ್ಷಗಳಲ್ಲಿ ಆ ಮನೆಯ ಅನ್ನದಲ್ಲಿ ಸಿಕ್ಕ ಕಲ್ಲಿಗೆ ಲೆಕ್ಕವಿಲ್ಲ, ಪಾಪ, ಲಕ್ಷ್ಮಕ್ಕ ಅಕ್ಕಿ ಆರಿಸಿ ಆರಿಸಿಯೇ ಕಣ್ಣು ಕೆಡಿಸಿಕೊಂಡಳು.

ಹೋದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಹಗ್ಗದಲ್ಲಿ ಬಿಗಿದ ಗಾಡಿಯ ಮೇಲೆ ಹಳೆಯ ಕಂಬಳಿ ಹೊದಿಸಿದ್ದರು. ಕಂಬಳಿಯ ಕೆಳಗಿಂದ ಕಾಣುತ್ತಿದ್ದುದು ಎಂಜಿನ್ನಿನ ಕೆಳಭಾಗ ಮತ್ತು ತುಕ್ಕು ಹಿಡಿದ ಎರಡು ಸೈಲೆನ್ಸರ್ ಮಾತ್ರ. ಓಬಳೇಶನಿಗೆ ಅಷ್ಟೇ ಸಾಕಾಯಿತು. ಬಲಗಡೆಯ ಸೈಲೆನ್ಸರಿಗೆ ಇಪ್ಪತ್ತೇಳರ ಹರೆಯದಲ್ಲಿ ತಾನೇ ಹಾಕಿದ ವೆಲ್ಡಿಂಗ್ ಅವನಿಗೆ ಗುರುತು ಸಿಕ್ಕಿತು. ಅವನು ಬಾಗಿಲಲ್ಲಿ ಪೇರಿಸಿಟ್ಟ ಹಳೆಯ ಟೈರುಗಳ ಮೇಲೆ ಕುಳಿತುಬಿಟ್ಟ.

ಡ್ರೈವರಿನ ಪಕ್ಕದಿಂದ ಐವತ್ತೈದು ಐವತ್ತಾರರ ಹೆಂಗಸು ಇಳಿದಳು. ನಶ್ಯ ಬಣ್ಣದ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಬರಿದಾದ ಹಣೆಯಲ್ಲಿ ವಿಭೂತಿಯ ಒಂದು ಗೆರೆ.

“ಓಬಳೇಶಪ್ಪ ಅಂದ್ರೆ ನೀವೇನ್ರಿ? ನಾನು ಜಗದಾಂಬ. ನನ್ನಿವಾಳದಾಗೆ ಅಂಗನವಾಡಿ ಟೀಚರ್. ಇದು ನಮ್ಮನೆಯವರ ಗಾಡಿ. ಶಶಿಕಾಂತ್ ಅಂತ, ಮೊಳಕಾಲ್ಮೂರಿನ ಸೀರೆ ಅಂಗಡಿಯವರು. ನಿಮಗೆ ನೆನಪಿರಲಿಕ್ಕಿಲ್ಲ.”

ನೆನಪಿಲ್ಲದಿದ್ದರೆ ಅವನ ಬದುಕು ಬೇರೆಯೇ ಇರುತ್ತಿತ್ತು. “ಐತ್ರಿ” ಎಂದ ಓಬಳೇಶ.

ಜಗದಾಂಬ ತಂದ ಕತೆ ಚಿಕ್ಕದು. ಮೊಳಕಾಲ್ಮೂರಿನ ಗಂಡನ ಮನೆಯ ಹಿತ್ತಲಿನ ಶೆಡ್ಡಿನಲ್ಲಿ, ಹಳೆಯ ಮಗ್ಗಗಳ ಜೊತೆ, ಅಪಘಾತವಾದ ದಿನದಿಂದಲೂ ಗಾಡಿ ಬಿದ್ದಿತ್ತು. ಮಳೆಗೆ ಆ ಶೆಡ್ಡು ಕುಸಿದಾಗ ಭಾವ ಓಂಕಾರಮೂರ್ತಿ ಅದನ್ನು ಗುಜರಿಗೆ ಹಾಕಲು ಹೊರಟರು. ಆಕೆ ಸುದ್ದಿ ತಿಳಿದು ಹೋಗಿ ಕೇಳಿಕೊಂಡು ತಂದಳು.

“ಓಡಿದ್ರೆ ಓಡ್ಲಿ, ಇಲ್ದಿದ್ರೆ ಬಿಡ್ಲಿ. ನಂಗೆ ಬೇಕಿರೋದು ಬೇರೆ” ಎಂದಳು ಜಗದಾಂಬ. “ಅವತ್ತು ಅವರು ಗಾಡಿ ತಗಂಡು ಹೋಗಿದ್ದು ನಿಮ್ಮ ಅಂಗಡಿಯಿಂದ. ಗಾಡಿ ಸರಿಯಾಗೇ ಇತ್ತು ಅಂತ ನೀವು ಪೊಲೀಸ್ನೋರಿಗೆ ಹೇಳಿದ್ರಂತೆ. ಅದುಕ್ಕೇ ನಿಮ್ಮತ್ರ ತಂದೆ. ಬಿಚ್ಚಿದಾಗ ಒಳಗೆ ಏನಾಗಿತ್ತು ಅಂತ ನೋಡಿ ಹೇಳ್ಬೇಕು. ನಾನು ಸಿಟ್ಟು ಮಾಡ್ಕೊಂಡು ತವರಿಗೆ, ಇದೇ ನನ್ನಿವಾಳಕ್ಕೆ ಬಂದಿದ್ದೆ. ಕರ್ಕೊಂಡು ಹೋಗಾಕೆ ಬರ್ತಿದ್ರು. ಗಂಡನ್ನ ನುಂಗಿದೋಳು ಅಂತಾರೆ ನಂಗೆ. ಹೊರಡುವಾಗ ನಾನೂ ಬಾಯಿಗೆ ಬಂದಂಗೆ ಅಂದಿದ್ದೆ ಅವರಿಗೆ. ಒಂದೊಂದ್ಸಲ ನಂಗೂ ಹೌದೇನೋ ಅನ್ಸುತ್ತೆ. ಗಾಡಿದೇ ಏನಾರ ತಪ್ಪಿದ್ರೆ, ಸಾಯೋದ್ರೊಳಗೆ ತಿಳ್ಕಂಬೇಕು. ಅಷ್ಟೇ.”

ಆಕೆ ಹೋದ ಮೇಲೆ ಓಬಳೇಶ ಕಂಬಳಿ ಸರಿಸಲೇ ಇಲ್ಲ. ಒಳಗೆ ಏನಾಗಿತ್ತೆಂದು ನೋಡಲು ಅವನಿಗೆ ಸ್ಪ್ಯಾನರ್ ಬೇಕಿರಲಿಲ್ಲ.

ಆ ಗಾಡಿಯಲ್ಲಿ ಎಣ್ಣೆಗೆಂದೇ ಬೇರೆ ಟ್ಯಾಂಕು, ಅದರಿಂದ ಎರಡೂ ಸಿಲಿಂಡರಿಗೆ ಎಣ್ಣೆ ಹಂಚುವ ಒಂದು ಸಣ್ಣ ಪಂಪು ಇರುತ್ತಿತ್ತು. ಶಶಿಕಾಂತ ಬಳ್ಳಾರಿಯಲ್ಲಿ ಯಾರದೋ ಕೈಯಿಂದ ಕೊಂಡ ಗಾಡಿಯ ಪಂಪು ಸವೆದು ಸೋರುತ್ತಿತ್ತು. ಬೇರೆ ಪಂಪು ಸಿಗುವ ಕಾಲವಲ್ಲ. ಅಂಥ ಹೊತ್ತಿನಲ್ಲಿ ಈ ಕಡೆಯ ಮೆಕ್ಯಾನಿಕ್ಕುಗಳು ಮಾಡುತ್ತಿದ್ದುದು ಒಂದೇ ಉಪಾಯ. ಪಂಪು ಕಿತ್ತು, ಶೇಂಗಾ ಎಣ್ಣೆಯ ಡಬ್ಬಿಯ ತಗಡು ಕತ್ತರಿಸಿ ಆ ಜಾಗದ ಬಾಯಿ ಮುಚ್ಚಿ, ಇನ್ನು ಮೇಲೆ ಪೆಟ್ರೋಲಿಗೇ ಎಣ್ಣೆ ಬೆರೆಸು ಎಂದು ಹೇಳಿ ಕಳಿಸುವುದು. ಓಬಳೇಶ ಅದನ್ನೇ ಮಾಡಿದ. ಪಂಪು ಮುಚ್ಚಿದ ಮೇಲೆ ಎಣ್ಣೆಯ ಟ್ಯಾಂಕನ್ನೂ ಖಾಲಿ ಮಾಡಬೇಕಿತ್ತು. ಮಾಡಲಿಲ್ಲ. ಮಿಲ್ಲುಗಳ ಊರಿನಲ್ಲಿ ಬೆಳೆದವನಿಗೆ ಒಳ್ಳೆಯ ಎಣ್ಣೆಯನ್ನು ನೆಲಕ್ಕೆ ಚೆಲ್ಲಲು ಕೈ ಬರಲಿಲ್ಲ, ಇರಲಿ, ಅವನೇ ಬಂದು ಡಬ್ಬಿಗೆ ಬಸಿದುಕೊಂಡು ಹೋಗಲಿ ಎಂದುಕೊಂಡ.

ಶಶಿಕಾಂತ ಬಂದಾಗ ಓಬಳೇಶ ಟ್ರ್ಯಾಕ್ಟರೊಂದರ ಅಡಿಯಲ್ಲಿ ಮಲಗಿದ್ದ. “ಆತೇನ್ಲೇ?” ಎಂದು ಶಶಿಕಾಂತ ಹೊರಗಿಂದ ಕೇಳಿದ. “ಆತು, ತಗಂಡೋಗು” ಎಂದ ಓಬಳೇಶ ಒಳಗಿಂದ. ಹೇಳಬೇಕಿದ್ದ ಇನ್ನೊಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಹೊತ್ತಿಗೆ ಕಣ್ಣಿಗೆ ಗ್ರೀಸು ಬಿತ್ತು, ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಸಂಜೆ ವಾಪಸು ಬರುವಾಗ ಹೇಳಿದರಾಯಿತು ಎಂದುಕೊಂಡ. ಶಶಿಕಾಂತ ಬಂಕಿನಲ್ಲಿ ಎಣ್ಣೆಯ ಟ್ಯಾಂಕು ನೋಡಿರಬೇಕು, ತುಂಬಿದೆ ಎಂದು ಬರೀ ಪೆಟ್ರೋಲು ಹಾಕಿಸಿಕೊಂಡಿರಬೇಕು. ನನ್ನಿವಾಳದ ನೇರ ದಾರಿ ಬಿಟ್ಟು, ಗಾಡಿಯನ್ನು ಒಮ್ಮೆ ಮನಸಾರೆ ಓಡಿಸುವ ಆಸೆಯಿಂದ ಕುದಾಪುರದ ಕಾವಲಿನ, ದನಕುರಿ ಮೇಯುವ ಆ ಹುಲ್ಲುಬಯಲಿನ, ಕಡೆಗೆ ಹೋದ. ತುಂಬು ವೇಗದಲ್ಲಿದ್ದಾಗ ಎರಡೂ ಪಿಸ್ಟನ್ ಕಚ್ಚಿಕೊಂಡವು, ಹಿಂದಿನ ಚಕ್ರ ಬಿಗಿದು ನಿಂತಿತು, ಗಾಡಿ ಅವನನ್ನು ರಸ್ತೆಬದಿಯ ಬಂಡೆಯ ಹತ್ತಿರ ಎಸೆಯಿತು.

ಮಣ್ಣಿಗೆ ಓಬಳೇಶನೂ ಹೋಗಿದ್ದ. ಮೊಳಕಾಲ್ಮೂರಿನ ಆ ಬೀದಿಯಲ್ಲಿ ಶಶಿಕಾಂತನ ತಾಯಿ, ಇಪ್ಪತ್ತೆರಡರ ಸೊಸೆಯ ಕೈ ಹಿಡಿದು ಎಳೆದು ತಂದು, ಇವಳು ನನ್ನ ಮಗನ್ನ ತಿಂದಳು, ನೋಡ್ರಪ್ಪ, ಎಲ್ಲಾರೂ ನೋಡ್ರಿ ಎಂದು ಅತ್ತಳು. ಬೀದಿಯೆಲ್ಲ ನೋಡಿತು. ಓಬಳೇಶ ಜನರ ಹಿಂದೆ ನಿಂತು ಕೇಳಿಸಿಕೊಂಡ. ಬಾಯಿ ತೆರೆದಿದ್ದರೆ ಆ ಬೀದಿ ತನ್ನನ್ನು ಬಡಿದು ಕೊಲ್ಲುತ್ತಿತ್ತು ಎಂದು ಅವನು ಮೊದಮೊದಲು ಸಮಾಧಾನ ಹೇಳಿಕೊಂಡ. ಆಮೇಲೆ ಆ ಸಮಾಧಾನವೂ ಕೆಲಸ ಮಾಡುವುದನ್ನು ಬಿಟ್ಟಿತು.

ಗಾಡಿ ಬಾಗಿಲಿಗೆ ಬಂದ ಮೂರನೆಯ ದಿನ ಕಂಬಳಿ ಸರಿಸಿ ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ಮೈ ಕಿತ್ತು ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡಿತ್ತು. ಪಂಪಿನ ಜಾಗದಲ್ಲಿ ತಗಡು ಹಾಗೇ ಇತ್ತು, ಡಬ್ಬಿಯ ಹಳದಿ ಬಣ್ಣವೂ, ಶೇಂಗಾ ಬುಡ್ಡೆಯ ಅರ್ಧ ಚಿತ್ರವೂ ಮಾಸಿರಲಿಲ್ಲ. ಅವನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮಧ್ಯಾಹ್ನ ಜಗದಾಂಬ ಬಂದಳು, ಬಂದವಳು ಕೂರದೆ ನಿಂತೇ ಇದ್ದಳು.

“ನೋಡಿದ್ರೇನ್ರಿ?”

“ನೋಡಿದೆ. ಎಂಜಿನ್ನಿಂದೇನೂ ಇಲ್ರಿ” ಎಂದ ಓಬಳೇಶ. ಮಾತು ತಾನಾಗೇ ಬಂದಿತು. ಮೂವತ್ತನಾಲ್ಕು ವರ್ಷ ಪಳಗಿದ ಸುಳ್ಳಿಗೆ ನೂಕುವವರು ಬೇಕಾಗುವುದಿಲ್ಲ. “ಕಾವಲಿನಾಗೆ ಜಿಂಕೆ ಜಾಸ್ತಿ ಅವಾಗ. ಅಡ್ಡ ಬಂದಿರ್ಬೇಕು.”

ಜಗದಾಂಬ ಬಿಚ್ಚಿಟ್ಟ ಭಾಗಗಳನ್ನು ಬಹಳ ಹೊತ್ತು ನೋಡಿದಳು. ಆಕೆಗೆ ಅವುಗಳಲ್ಲಿ ಒಂದೂ ಅರ್ಥವಾಗುವಂತಿರಲಿಲ್ಲ.

“ಜಿಂಕೆ ಅಡ್ಡ ಬಂತು ಅಂದ್ರೆ ಹಣೆಬರ” ಎಂದಳು. “ಹಣೆಬರ ಅಂದ್ರೆ ಅವರ ಲೆಕ್ಕದಾಗೆ ನಾನೇ. ಆತು ಬಿಡ್ರಿ.”

ಹೋಗುವಾಗ ಆಕೆಯ ನಡಿಗೆ ಬಂದಾಗಿನ ನಡಿಗೆಯಾಗಿರಲಿಲ್ಲ. ಓಬಳೇಶ ಜೇಬಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಒಬ್ಬ ಮನುಷ್ಯ ಒಂದೇ ಹೆಂಗಸಿಗೆ ಎರಡು ಸಲ ಅದೇ ಶಿಕ್ಷೆ ಕೊಡಬಹುದೆಂದು ಅವನಿಗೆ ಅಂದು ಗೊತ್ತಾಯಿತು, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಾಯಿಂದ ಆಗದ್ದನ್ನು ಕೈಯಿಂದ ತೀರಿಸುವವನಂತೆ ಅವನು ಗಾಡಿಯ ಹಿಂದೆ ಬಿದ್ದ. ಸಿಲಿಂಡರ್ ಬೋರು ಮಾಡಿಸಿದ, ಹೊಸ ಪಿಸ್ಟನ್ ತರಿಸಿದ, ಎಂಜಿನ್ನಿನ ಮೈಮೇಲಿನ ರೆಕ್ಕೆರೆಕ್ಕೆಯನ್ನೂ ಬ್ರಷ್ಷಿನಿಂದ ಉಜ್ಜಿದ, ಗಾಳಿಯಾಡಲು ಜಾಗವಿರಲಿ ಎಂದು ಸಂದುಗಳಲ್ಲಿ ಸೇರಿದ್ದ ಹಳೆಯ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದ. ಆ ಮಣ್ಣು ಕಾವಲಿನದು. ಹಳೆಯ ಪಂಪಿನದೇ ಮಾದರಿಯ ಪಂಪು ಈಗ ಫೋನಿನಲ್ಲಿ ಕೇಳಿದರೆ ಅಂಚೆಯಲ್ಲಿ ಬರುತ್ತದೆ, ಅದನ್ನೂ ತರಿಸಿ ಜೋಡಿಸಿದ. ಎಲ್ಲ ಮುಗಿಸಿ ಕಿಕ್ ಹೊಡೆದರೆ ಬಲಗಡೆಯ ಸಿಲಿಂಡರು ಮಾತ್ರ ಹೊತ್ತಿಕೊಂಡಿತು.

ಎರಡು ಸಿಲಿಂಡರಿನ ಗಾಡಿಯಲ್ಲಿ ಎರಡೂ ಸಮನಾಗಿ ದುಡಿಯುತ್ತಿವೆಯೇ ಎಂದು ತಿಳಿಯಲು ಅವನದೊಂದು ಪದ್ಧತಿ. ಹಿಂದೆ ಕುಕ್ಕರಗಾಲಲ್ಲಿ ಕುಳಿತು ಎರಡು ಸೈಲೆನ್ಸರಿಗೆ ಎರಡು ಅಂಗೈ ಒಡ್ಡುತ್ತಾನೆ. ಎರಡು ಕೈಗೂ ಒಂದೇ ಬಿಸಿ, ಒಂದೇ ಬಡಿತ ಸಿಗಬೇಕು. ಈ ಗಾಡಿಯಲ್ಲಿ ಬಲಗೈಗೆ ಬಿಸಿ ಹೊಗೆ ಬಡಿಯುತ್ತಿತ್ತು, ಎಡಗೈಗೆ ತಣ್ಣನೆಯ ಗಾಳಿ ಬರುತ್ತಿತ್ತು. ಕಿಡಿ ಇತ್ತು, ಪೆಟ್ರೋಲು ಇತ್ತು, ಒತ್ತಡ ಇತ್ತು. ಪ್ಲಗ್ ಬದಲಿಸಿದ, ಕಾಯಿಲ್ ಬದಲಿಸಿದ, ಎಡದ ಕಾರ್ಬ್ಯುರೇಟರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ. ಆರು ದಿನ ಹಾಗೇ ಕಳೆಯಿತು. ಎಡಗೈಯಲ್ಲಿ ಆ ತಣ್ಣನೆಯ ಉಸಿರು ಹಿಡಿದು ಕೂತಾಗಲೆಲ್ಲ ಅವನಿಗೆ ಹಿಂದಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಬಿಸಿಲಿನ ರಸ್ತೆ ಇರುತ್ತಿತ್ತು.

ಏಳನೆಯ ದಿನ, ಏನೂ ಮುಟ್ಟದೆ ಸುಮ್ಮನೆ ಕಿಕ್ ಹೊಡೆದಾಗ, ಎರಡೂ ಹೊತ್ತಿಕೊಂಡವು. ಓಬಳೇಶನಿಗೆ ಸಂತೋಷವಾಗಲಿಲ್ಲ, ಭಯವಾಯಿತು. ಮೆಕ್ಯಾನಿಕ್ಕಿಗೆ ಕಾರಣ ಗೊತ್ತಿಲ್ಲದೆ ಸರಿಹೋದ ಗಾಡಿಗಿಂತ ಕೆಟ್ಟ ಗಾಡಿಯೇ ವಾಸಿ. ಆದರೂ ಓಡಿಸಿ ನೋಡಬೇಕು, ಓಡಿಸಲು ಉದ್ದನೆಯ ರಸ್ತೆ ಬೇಕು. ಹನ್ನೊಂದೂವರೆಗೆ ಹೊರಟ, ಮೂವತ್ತನಾಲ್ಕು ವರ್ಷ ಕಾಲಿಡದ ಕಾವಲಿನ ದಾರಿಗೇ ಗಾಡಿ ತಿರುಗಿಸಿದ. ಯಾಕೆ ತಿರುಗಿಸಿದೆ ಎಂದು ಕೇಳಿದರೆ ಅವನಿಗೂ ಹೇಳಲು ಬರುವುದಿಲ್ಲ.

ಕಾವಲು ಈಗ ಮೊದಲಿನದಲ್ಲ. ವಿಜ್ಞಾನ ಸಂಸ್ಥೆಗಳವರ ಕಾಂಪೌಂಡು ಗೋಡೆಗಳು ಮೈಲಿಗಟ್ಟಲೆ ಎದ್ದಿವೆ, ಗೋಡೆಯ ಮೇಲೆ ಮುಳ್ಳುತಂತಿ, ಗೇಟಿನಲ್ಲಿ ಪಹರೆಯವರು. ಗೋಡೆ ಮುಗಿದ ಮೇಲೆ ಮಾತ್ರ ಹಳೆಯ ಹುಲ್ಲು ಉಳಿದಿದೆ, ಒಣಗಿ ಬೆಳ್ಳಗಾಗಿತ್ತು. ಗಾಡಿ ಚೆನ್ನಾಗಿ ಓಡಿತು. ಅವನು ಎಡಗೈಯ ಎರಡು ಬೆರಳನ್ನು ಕ್ಲಚ್ಚಿನ ಮೇಲೇ ಇಟ್ಟಿದ್ದ, ಎಂಜಿನ್ ಕಚ್ಚಿಕೊಂಡರೆ ತಕ್ಷಣ ಹಿಡಿದು ಚಕ್ರವನ್ನು ಬಿಡಿಸುವುದು ಆ ಗಾಡಿ ಓಡಿಸುವವರ ಅಭ್ಯಾಸ. ಆ ಜಾಗ ಬಂದಿತು. ರಸ್ತೆಯ ಬದಿಯ ಮೈಲಿಕಲ್ಲು ಬದಲಾಗಿದ್ದರೂ ಅದರ ಹಿಂದಿನ ಬಂಡೆ ಬದಲಾಗಿರಲಿಲ್ಲ. ಓಬಳೇಶ ಕ್ಲಚ್ ಹಿಡಿದು ಕೀಲಿ ತಿರುಗಿಸಿ ಎಂಜಿನ್ ಆರಿಸಿದ.

ಗಾಡಿ ಸದ್ದಿಲ್ಲದೆ ಉರುಳುತ್ತಿತ್ತು. ಎಂಜಿನ್ನಿನ ಸದ್ದು ಮಾತ್ರ ನಿಲ್ಲಲಿಲ್ಲ.

ಅದು ಅವನ ಹಿಂದಿನಿಂದ ಬಂದು, ಬಲಗಡೆಯಲ್ಲಿ ಅವನನ್ನು ದಾಟಿ, ಮುಂದಕ್ಕೆ ಹೋಯಿತು. ಎರಡು ಸಿಲಿಂಡರಿನ ತುಂಬು ಸದ್ದು, ಏರುತ್ತ ಏರುತ್ತ ಹೋಗಿ ಬಂಡೆಯ ಹತ್ತಿರ ಥಟ್ಟನೆ ಕತ್ತರಿಸಿತು. ರಸ್ತೆಯಲ್ಲಿ ಧೂಳು ಏಳಲಿಲ್ಲ. ಓಬಳೇಶ ಹೇಗೋ ಗಾಡಿ ನಿಲ್ಲಿಸಿದ, ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಸದ್ದು ತನ್ನ ತಲೆಯೊಳಗಿನದು ಎಂಬುದೊಂದೇ ಅಲ್ಲಿಯವರೆಗೂ ಅವನಿಗಿದ್ದ ಆಸರೆ.

ಬಂಡೆಯ ನೆರಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಮುದುಕನೊಬ್ಬ ಎದ್ದು ಬಂದ. ನನ್ನಿವಾಳದ ಕಡೆಯ ಚಿಕ್ಕೀರಪ್ಪ, ಓಬಳೇಶನಿಗೆ ಮುಖಪರಿಚಯವಿತ್ತು. ಅವನು ಹುಬ್ಬಿಗೆ ಕೈ ಅಡ್ಡ ಹಿಡಿದು ರಸ್ತೆಯ ಎರಡೂ ತುದಿಯನ್ನು ನೋಡಿದ.

“ಎಲ್ಡು ಗಾಡಿ ಬಂದಂಗಾತಲ್ಲಪ್ಪಾ” ಎಂದ. “ಇನ್ನೊಂದು ಎಲ್ಲಿಗೋತು?”

ಓಬಳೇಶ ಕಿಕ್ ಹೊಡೆದು ಗಾಡಿಯನ್ನು ನೆಟ್ಟಗೆ ನನ್ನಿವಾಳಕ್ಕೆ ಬಿಟ್ಟ. ಜೇಬಿನಲ್ಲಿ ತಗಡು ತೊಡೆಗೆ ಚುಚ್ಚುತ್ತಿತ್ತು.

ಅಂಗನವಾಡಿಯಲ್ಲಿ ಮಕ್ಕಳು ಉಂಡು ಚಾಪೆಯ ಮೇಲೆ ಮಲಗಿದ್ದರು. ಗಾಡಿಯ ಸದ್ದಿಗೆ ಜಗದಾಂಬ ಹೊರಗೆ ಓಡಿಬಂದವಳು ಅವನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆ ಸದ್ದಿಗೆ ಆಕೆ ಯಾರನ್ನು ಕಾಣಬೇಕೆಂದು ಓಡಿಬಂದಳೆಂದು ಅವನಿಗೆ ತಿಳಿಯಿತು. ಅವನು ತಗಡನ್ನು ತೆಗೆದು ಕಟ್ಟೆಯ ಮೇಲಿಟ್ಟ. ಪಂಪು ಮುಚ್ಚಿದ್ದು, ಎಣ್ಣೆ ಉಳಿಸಿದ್ದು, ಹೇಳದೆ ಕಳಿಸಿದ್ದು, ಎಲ್ಲವನ್ನೂ ಹೇಳಿದ. ನೆಲ ನೋಡುತ್ತ ಹೇಳಿದ್ದರಿಂದ ಆಕೆಯ ಮುಖ ಹೇಗಿತ್ತೆಂದು ಅವನಿಗೆ ಗೊತ್ತಿಲ್ಲ.

“ಜಿಂಕೆ ಅಂದಾಗ ಇದು ಎಲ್ಲಿತ್ತು?” ಎಂದು ಕೇಳಿದಳು ಜಗದಾಂಬ.

“ನನ್ನ ಜೇಬಿನಾಗೆ.”

“ಮಣ್ಣಿನ ದಿನ ನೀವು ಬಂದಿದ್ರಿ. ನಮ್ಮತ್ತೆ ಅಂದಿದ್ದು ಕೇಳಿಸ್ತಾ?”

“ಕೇಳಿಸ್ತು.”

ಆಕೆ ಕಟ್ಟೆಯ ಮೇಲೆ ಕುಳಿತಳು. ಅಳಲಿಲ್ಲ. ತಗಡನ್ನು ಎತ್ತಿ, ಆ ಶೇಂಗಾ ಬುಡ್ಡೆಯ ಚಿತ್ರದ ಮೇಲೆ ಹೆಬ್ಬೆರಳು ಆಡಿಸಿದಳು.

“ಇಷ್ಟೇನಾ?” ಎಂದಳು. “ಇಷ್ಟಗಲ.”

“ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗ್ರಿ, ಬರ್ತೀನಿ. ಏನು ಬರ್ಕೊಡು ಅಂದ್ರೂ ಬರ್ಕೊಡ್ತೀನಿ” ಎಂದ ಓಬಳೇಶ.

“ಪೊಲೀಸ್ನೋರು ನಂಗೇನು ಅಂದಿದ್ರು? ಅಂದೋರು ಬೇರೆ.” ಜಗದಾಂಬ ಎದ್ದು ಒಳಗೆ ಹೋದಳು, ಸಹಾಯಕಿ ದ್ರಾಕ್ಷಾಯಣಮ್ಮನಿಗೆ ಮಕ್ಕಳನ್ನು ಒಪ್ಪಿಸಿ, ಚಪ್ಪಲಿ ಮೆಟ್ಟಿಕೊಂಡು ಬಂದಳು. “ಮೊಳಕಾಲ್ಮೂರಿಗೆ ನಡೀರಿ.”

“ಈಗ್ಲಾ?”

“ಮೂವತ್ನಾಕು ವರ್ಷ ಆತು. ಇನ್ನ ಊಟ ಮುಗಿಸ್ಕೊಂಡು ಹೋಗಾನ ಅಂತೀರಾ?”

ಆಕೆ ಹಿಂದೆ ಒಂದೇ ಕಡೆ ಕಾಲು ಹಾಕಿ ಕುಳಿತಳು. ಮದುವೆಯಾದ ಹೊಸತರಲ್ಲಿ ಎರಡು ಸಲ ಆ ಸೀಟಿನಲ್ಲಿ ಕುಳಿತಿದ್ದಳಂತೆ, ಅದನ್ನು ಹೇಳಿದ್ದೂ ತನಗೆ ತಾನೇ ಹೇಳಿಕೊಂಡ ಹಾಗೆ. ಕಾವಲಿನ ದಾರಿಯಲ್ಲೇ ಹೋಗಿ ಎಂದಳು. ಸುತ್ತಾಗುತ್ತದೆ ಎಂದು ಹೇಳಲು ಓಬಳೇಶನಿಗೆ ಬಾಯಿ ಬರಲಿಲ್ಲ.

ಬಂಡೆ ಹತ್ತಿರವಾಗುತ್ತಿದ್ದಂತೆ ಅವನು ವೇಗ ಇಳಿಸಿ ಎರಡು ಬೆರಳನ್ನು ಮತ್ತೆ ಕ್ಲಚ್ಚಿನ ಮೇಲಿಟ್ಟ. ಹಿಂದಿನಿಂದ ಜಗದಾಂಬ ಅವನ ಭುಜ ಮುಟ್ಟಿದಳು.

“ಹಿಂದೆ ಇನ್ನೊಂದು ಗಾಡಿ ಬರ್ತೈತೆ” ಎಂದಳು. “ದಾರಿ ಕೊಡ್ರಿ.”

ಕನ್ನಡಿಯಲ್ಲಿ ಬರಿಯ ರಸ್ತೆ ಇತ್ತು. ಓಬಳೇಶ ಎಡಕ್ಕೆ ಸರಿದು ದಾರಿ ಕೊಟ್ಟ. ಸದ್ದು ಬಂದು ಅವರ ಪಕ್ಕಕ್ಕೆ ಸೇರಿತು, ಆದರೆ ಈ ಸಲ ದಾಟಿ ಹೋಗಲಿಲ್ಲ, ಬಂಡೆಯ ಹತ್ತಿರ ಕತ್ತರಿಸಲೂ ಇಲ್ಲ. ಹೆದ್ದಾರಿ ಸಿಕ್ಕಿ ಲಾರಿಗಳ ಸದ್ದಿನಲ್ಲಿ ಸೇರಿಹೋಗುವ ತನಕ ಜೊತೆಗೇ ಬಂದಿತು. ಜಗದಾಂಬ ಒಮ್ಮೆಯೂ ತಿರುಗಿ ನೋಡಲಿಲ್ಲ, ಅವನೂ ಏನೂ ಕೇಳಲಿಲ್ಲ. ಆಕೆಗೆ ಕೇಳಿದ್ದು ಏನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಮೊಳಕಾಲ್ಮೂರಿನ ಆ ಬೀದಿ ಮುಟ್ಟಿದಾಗ ನಾಲ್ಕು ಗಂಟೆ. ಮನೆಮನೆಯಲ್ಲೂ ಮಗ್ಗದ ಸದ್ದು ನಡೆದಿತ್ತು. ಶಶಿಕಾಂತನ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಣ್ಣ ಓಂಕಾರಮೂರ್ತಿ, ಎಪ್ಪತ್ತೈದರ ಹತ್ತಿರದವರು, ಜಗಲಿಯಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ಗಾಡಿಯನ್ನು ನೋಡಿದವರೇ ದಿಂಬು ಬಿಟ್ಟು ನೆಟ್ಟಗೆ ಕುಳಿತರು. ಓಬಳೇಶ ಕೈಮುಗಿದು, ತಗ್ಗಿದ ದನಿಯಲ್ಲಿ ತಾನು ಯಾರೆಂದು, ಏನು ಮಾಡಿದೆನೆಂದು ಹೇಳಿದ. ಹೇಳಿ ಮುಗಿಸಿ, ಹೆಗಲಿನಿಂದ ಏನೋ ಇಳಿದಂತಾಗಿ ಉಸಿರುಬಿಟ್ಟ.

“ಏನಂದಿ?” ಎಂದರು ಓಂಕಾರಮೂರ್ತಿ.

ಒಳಗಿಂದ ಅವರ ಸೊಸೆ ಪವಿತ್ರ ಬಂದಳು. “ಮಾವಗೆ ಕಿವಿ ಕೇಳಲ್ರಿ, ಹೋದ ವರ್ಷದಿಂದ. ಜೋರಾಗಿ ಹೇಳ್ಬೇಕು.”

ಓಬಳೇಶ ಜಗದಾಂಬಳ ಕಡೆ ನೋಡಿದ. ಆಕೆ ಬೀದಿಯ ನಡುವೆ, ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಜಗಲಿ ಹತ್ತಿ ಕಿವಿಯ ಹತ್ತಿರ ಹೇಳಲೇ ಎಂಬಂತೆ ಅವನು ಒಂದು ಹೆಜ್ಜೆ ಮುಂದಿಟ್ಟ.

“ಇಲ್ಲಿಂದಲೇ ಹೇಳ್ರಿ” ಎಂದಳು ಆಕೆ.

ಅವನು ಮತ್ತೆ ಹೇಳಿದ. ಓಂಕಾರಮೂರ್ತಿ ಕಿವಿಗೆ ಕೈ ಹಿಡಿದು ತಲೆಯಾಡಿಸಿದರು. ಮೂರನೆಯ ಸಲ ಅವನು ಕೂಗಿದ.

“ನಿಮ್ಮ ತಮ್ಮನ ಸಾವಿಗೆ ಕಾರಣ ನಾನು. ಓಬಳೇಶ, ಚಳ್ಳಕೆರೆ ಮೆಕ್ಯಾನಿಕ್. ಎಣ್ಣೆ ಪಂಪು ಮುಚ್ಚಿದ್ದೆ. ಮುಚ್ಚೀನಿ ಅಂತ ಹೇಳ್ಲಿಲ್ಲ. ಎಂಜಿನ್ ಕಚ್ಕೊಂಡು ಸತ್ತ. ಈ ಅಮ್ಮಂದು ಏನೂ ತಪ್ಪಿಲ್ಲ.”

ಪಕ್ಕದ ಮನೆಯ ಮಗ್ಗ ನಿಂತಿತು. ಅದರಾಚೆಯದೂ ನಿಂತಿತು. “ಏಮೈಂದಿ?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೇಳುತ್ತ ಹೆಂಗಸೊಬ್ಬಳು ಹೊಸ್ತಿಲಿಗೆ ಬಂದಳು, ಅವಳ ಹಿಂದೆ ಇನ್ನಿಬ್ಬರು. ಎದುರು ಮನೆಯ ಜಂಪಣ್ಣ ನೂಲಿನ ಲಾಳಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. ಅಂದು ಇದೇ ಜಾಗದಲ್ಲಿ ನಿಂತು ನೋಡಿದವರಲ್ಲಿ ಉಳಿದವರು ಈಗ ಮುದುಕರು, ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಇಷ್ಟು ಮುಖಗಳ ಎದುರು ನಿಂತಿದ್ದ ಆ ಇಪ್ಪತ್ತೆರಡರ ಹುಡುಗಿಯ ಪಾಡು ಹೇಗಿತ್ತೆಂದು ಓಬಳೇಶನಿಗೆ ಆಗ ಅರ್ಥವಾಯಿತು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಓಂಕಾರಮೂರ್ತಿಗೆ ಈ ಸಲ ಕೇಳಿಸಿತ್ತು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. “ಅವ್ವ ಇದನ್ನ ಕೇಳ್ಬೇಕಿತ್ತು” ಎಂದರು. ಅವನನ್ನು ಬೈಯಲಿಲ್ಲ, ಹೊಡೆಯಲು ಯಾರೂ ಬರಲಿಲ್ಲ. ಮೂವತ್ತನಾಲ್ಕು ವರ್ಷ ಅವನು ಯಾವುದಕ್ಕೆ ಹೆದರಿದ್ದನೋ ಅದು ಆ ಬೀದಿಯಲ್ಲಿ ಇರಲೇ ಇಲ್ಲ. ಓಂಕಾರಮೂರ್ತಿ ನಿಧಾನವಾಗಿ ಎದ್ದು, ಜಗಲಿಯ ಮೆಟ್ಟಿಲಿಗೆ ಬಂದು, ತಮ್ಮನ ಹೆಂಡತಿಯನ್ನು ನೋಡಿದರು. “ಒಳಗೆ ಬಾರಮ್ಮ” ಎಂದರು. ಅವರ ದನಿ ಒಡೆದಿತ್ತು.

“ಬರ್ತೀನಿ ಭಾವ” ಎಂದಳು ಜಗದಾಂಬ, ಅವರಿಗೆ ಕೇಳುವಷ್ಟು ಜೋರಾಗಿ. “ಮೊದಲು ಈ ಬೀದಿ ಮುಗೀಲಿ.”

ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಬಳೇಶನ ಕಡೆ ತಿರುಗಿದಳು.

“ನಡೀರಿ, ಮುಂದಿನ ಮನೆ. ಅವರಿಗೆ ಕಿವಿ ಚೆನ್ನಾಗೇ ಕೇಳುತ್ತೆ. ಆದ್ರೂ ಹಿಂಗೇ ಜೋರಾಗೇ ಹೇಳ್ರಿ.”